ಸ್ನೇಹಿತ ಡಿಪಾಸಿಟ್‌ಗೆ ಒಂದೂವರೆ ಲಕ್ಷ ಕೈಗಡ ಕೇಳಿದ್ದಾನೆ. ಕೊಡಲೇ? ಬರೆಸಿಕೊಳ್ಳಲೇ?

ನಿಮ್ಮ ಪ್ರಶ್ನೆ ಇಷ್ಟು: ಥಾಣೆಯಲ್ಲಿ ನಿಮ್ಮೊಂದಿಗೆ ಒಂದೇ ಕೋಣೆಯಲ್ಲಿದ್ದ ಹುಬ್ಬಳ್ಳಿಯ ಸ್ನೇಹಿತರು ಮದುವೆಯಾಗಿ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮನೆ ಹಿಡಿಯುತ್ತಿದ್ದಾರೆ. ಡಿಪಾಸಿಟ್ ಮತ್ತು ದಲ್ಲಾಳಿಯ ಖರ್ಚಿಗೆಂದು ಒಂದೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಕೊಟ್ಟರೆ ಹಣ ಹೋದೀತೆಂಬ ಭಯ, ಕೊಡದಿದ್ದರೆ ಸ್ನೇಹ ಹೋದೀತೆಂಬ ಭಯ, ಬರೆಸಿಕೊಂಡರೆ ಅವರಿಗೆ ಅವಮಾನವಾದೀತೆಂಬ ಸಂಕೋಚ.

ನಿಮ್ಮ ಕೈಯಲ್ಲಿ ಆ ಹಣ ಇದ್ದರೆ ಕೊಡಿ. ಬರೆಸಿಕೊಂಡೇ ಕೊಡಿ. ಆದರೆ ಈ ಎರಡಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ, ನೀವು ಅದನ್ನು ಕೇಳಿಲ್ಲ: ವಾಯಿದೆ ತಪ್ಪಿದ ದಿನ ಇಬ್ಬರಲ್ಲಿ ಯಾರು ಮೊದಲು ಮಾತನಾಡಬೇಕು? ಹಣ ಕೈ ಬದಲಾಗುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ.

ಯಾಕೆ ಹೀಗೆ ಹೇಳುತ್ತೇನೆಂದರೆ, ನಾನು ಡೊಂಬಿವಲಿಯವನು. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ನಮ್ಮ ಕನ್ನಡಿಗರದೊಂದು ಗುಂಪು ಬಹಳ ವರ್ಷಗಳಿಂದ ಒಂದೇ ಡಬ್ಬಿಯಲ್ಲಿ ಹೋಗುತ್ತಿತ್ತು. ಅದರಲ್ಲಿ ಒಬ್ಬರು ಇನ್ನೊಬ್ಬರಿಂದ ಮಗಳ ಕಾಲೇಜಿನ ಫೀಗೆಂದು ನಲವತ್ತು ಸಾವಿರ ಪಡೆದರು. ದೀಪಾವಳಿಗೆ ಕೊಡುತ್ತೇನೆ ಎಂದಿದ್ದರು. ದೀಪಾವಳಿ ಬಂತು, ಬೋನಸ್ ಬರಲಿಲ್ಲ. ಅವರು ಏನೂ ಹೇಳದೆ ಮರುವಾರದಿಂದ ಹಿಂದಿನ ಡಬ್ಬಿ ಹತ್ತತೊಡಗಿದರು. ಶನಿಪೂಜೆಗೆ ಬರುವುದು ನಿಂತಿತು. ಊರಿನಿಂದ ಯಕ್ಷಗಾನ ಮೇಳ ಬಂದಾಗ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಮನುಷ್ಯ ಆ ಸಲ ಸಭಾಂಗಣದ ಹತ್ತಿರವೂ ಸುಳಿಯಲಿಲ್ಲ. ಕೊಟ್ಟವರು ಒಮ್ಮೆಯೂ ಹಣ ಕೇಳಿರಲಿಲ್ಲ. “ಇನ್ನೊಂದು ವರ್ಷ ಬೇಕಾದರೂ ಕಾಯುತ್ತಿದ್ದೆ, ನನ್ನನ್ನು ಕಂಡು ಮುಖ ತಿರುಗಿಸಿದನಲ್ಲ, ಅದನ್ನು ತಡೆಯಲಾಗುವುದಿಲ್ಲ” ಎಂದು ನನ್ನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು. ಪಡೆದವರನ್ನು ಮಾತನಾಡಿಸಿದರೆ ಅವರದೂ ಅದೇ ಸಂಕಟ: “ಬರಿಗೈಯಲ್ಲಿ ಯಾವ ಮುಖ ಹೊತ್ತು ಎದುರು ನಿಲ್ಲಲಿ?”

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಇಂಥ ಪ್ರಶ್ನೆ ಬಂದಾಗಲೆಲ್ಲ ಜನ ಉದುರಿಸುತ್ತಾರೆ. ಮೋಸಗಾರರ ವಿಷಯದಲ್ಲಿ ಅದು ಸರಿಯೇ. ಆದರೆ ನಾನು ಕಂಡ ಹೆಚ್ಚಿನ ಸಾಲಗಾರರು ಈರಭದ್ರರಲ್ಲ, ನಾಚಿಕೆಯಿಂದ ಕುಗ್ಗಿಹೋದವರು. ಆ ನಾಚಿಕೆಯೇ ಅವರನ್ನು ಅಡಗಿಸುತ್ತದೆ. ಕೊಟ್ಟವರಿಗೆ ಅದು ಮೋಸದಂತೆ ಕಾಣುತ್ತದೆ. ನಡುವೆ ಮಾತು ಸತ್ತುಹೋಗುತ್ತದೆ.

ಆದ್ದರಿಂದ ಹಣ ಕೊಡುವ ದಿನವೇ ನಿಮ್ಮ ಸ್ನೇಹಿತರಿಗೆ ನೇರವಾಗಿ ಹೇಳಿ: “ಕಂತಿನ ದಿನ ಹಣ ಹೊಂದಲಿಲ್ಲ ಎಂದರೆ ಆ ದಿನವೇ ನೀನು ಫೋನ್ ಮಾಡಬೇಕು. ಹಣ ಇಲ್ಲದಿದ್ದರೂ ಪರವಾಗಿಲ್ಲ, ಫೋನ್ ಬರಬೇಕು. ನಾನಾಗಿ ಕೇಳುವುದಿಲ್ಲ, ಕೇಳುವ ಪರಿಸ್ಥಿತಿ ತರಬೇಡ.” ಈ ಮಾತನ್ನು ಮೊದಲೇ ಆಡಿದ್ದರೆ ಮುಂದೆ ಆ ಫೋನ್ ಮಾಡುವುದು ಅವರಿಗೆ ಸುಲಭವಾಗುತ್ತದೆ. ಒಪ್ಪಿಕೊಂಡ ಕೆಲಸ ಮಾಡುತ್ತಿದ್ದೇನೆ ಎನಿಸುತ್ತದೆಯೇ ಹೊರತು ತಲೆ ತಗ್ಗಿಸುತ್ತಿದ್ದೇನೆ ಎನಿಸುವುದಿಲ್ಲ.

ಇನ್ನು ವಾಯಿದೆಯ ವಿಷಯ. “ಡಿಪಾಸಿಟ್ ವಾಪಸ್ ಬಂದಾಗ ಕೊಡುತ್ತೇನೆ” ಎಂದು ಅವರು ಹೇಳಿದ್ದರೆ ದಯವಿಟ್ಟು ಒಪ್ಪಬೇಡಿ. ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಮುಂಬಯಿಯಲ್ಲಿ ಬಾಡಿಗೆ ಮನೆಯ ಲೀವ್ ಅಂಡ್ ಲೈಸೆನ್ಸ್ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಆಗುತ್ತದೆ. ಅವಧಿ ಮುಗಿದಾಗ ಒಂದೋ ಅದೇ ಮನೆಗೆ ಕರಾರು ನವೀಕರಣವಾಗುತ್ತದೆ, ಡಿಪಾಸಿಟ್ ಮಾಲೀಕರ ಹತ್ತಿರವೇ ಉಳಿಯುತ್ತದೆ. ಅಥವಾ ಮನೆ ಬದಲಾಗುತ್ತದೆ, ಹಳೆಯ ಡಿಪಾಸಿಟ್ ಹೊಸ ಮಾಲೀಕರ ಕೈಗೆ ಹೋಗುತ್ತದೆ, ಮೇಲಿಂದ ದಲ್ಲಾಳಿಗೆ ಮತ್ತೊಂದು ತಿಂಗಳ ಬಾಡಿಗೆ. ಸ್ವಂತ ಮನೆಯಾಗುವವರೆಗೆ ಅಥವಾ ಊರಿಗೆ ಮರಳುವವರೆಗೆ ಈ ಊರಿನಲ್ಲಿ ಡಿಪಾಸಿಟ್ ಹಣ ಬಾಡಿಗೆದಾರನ ಜೇಬಿಗೆ ಬಂದು ನಿಲ್ಲುವುದೇ ಇಲ್ಲ. ಹಾಗಾಗಿ ಸಾಲ ತೀರಬೇಕಾದದ್ದು ಸಂಬಳದಿಂದ. ತಿಂಗಳಿಗೆ ಹತ್ತು ಸಾವಿರದಂತೆ 15 ತಿಂಗಳು. ಹೊಸ ಸಂಸಾರಕ್ಕೆ ಅದು ಭಾರವಾದರೆ ಐದು ಸಾವಿರದಂತೆ 30 ತಿಂಗಳು. ಸಂಬಳ ಬಂದ ಮರುದಿನವೇ ಕಂತು ತಾನಾಗಿ ನಿಮ್ಮ ಖಾತೆಗೆ ಹೋಗುವಂತೆ ಅವರೇ ಬ್ಯಾಂಕಿಗೆ ಸೂಚನೆ ಕೊಟ್ಟುಬಿಟ್ಟರೆ ಪ್ರತಿ ತಿಂಗಳು ಇಬ್ಬರ ಮನಸ್ಸಿನಲ್ಲೂ ಆ ವಿಷಯ ಏಳುವುದಿಲ್ಲ.

ಈಗ ಬರೆಸಿಕೊಳ್ಳುವ ಸಂಕೋಚಕ್ಕೆ ಬರುತ್ತೇನೆ. ನನ್ನ ತಂದೆಗೆ ಶಸ್ತ್ರಚಿಕಿತ್ಸೆ ಆದಾಗ ನಾನು ಹಣ ಪಡೆದದ್ದು ಮುಂಬಯಿಯ ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಗೆಳೆಯನಿಂದ. ಕುಂದಾಪುರದ ಕಡೆ ನಮ್ಮ ಮನೆಗಳ ನಡುವೆ ಒಂದು ಗದ್ದೆ ಅಷ್ಟೇ ಅಂತರ. ಅವನು ಹಣ ಎಣಿಸಿದ ಮೇಲೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ತೆಗೆದು, ಖಾಲಿ ಪುಟ ಬಿಡಿಸಿ, ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟ. “ನಿನ್ನ ಕೈಯಾರೆ ಬರೆ ಮಾರಾಯ. ತಾರೀಕು, ಎಷ್ಟು, ಯಾವಾಗ ಕೊಡುತ್ತೀ ಎಲ್ಲ ಬರೆ. ನಾಳೆ ನನಗೇನಾದರೂ ಆದರೆ ಮನೆಯವಳು ನಿನ್ನನ್ನು ಹೆಚ್ಚು ಕೇಳಬಾರದು, ಕಡಿಮೆಯೂ ಕೇಳಬಾರದು.” ಅವಮಾನವಾಗುವುದಿರಲಿ, ನನಗೆ ಆ ಕ್ಷಣ ಎದೆಯ ಭಾರವೇ ಇಳಿಯಿತು. ಅಳತೆಯಿಲ್ಲದ ಉಪಕಾರವೊಂದಕ್ಕೆ ಅಳತೆ ಸಿಕ್ಕಿತ್ತು. ಕಂತು ಕೊಟ್ಟಾಗಲೆಲ್ಲ ಅದೇ ಪುಟದಲ್ಲಿ ಅವನು ಬರೆದು ಸಹಿ ಹಾಕುತ್ತಿದ್ದ, ನಾನು ನೋಡುತ್ತಿದ್ದೆ.

ಬರಹ ಬಂದರೆ ಆತ್ಮೀಯತೆ ಹೋಗುತ್ತದೆ ಎನ್ನುವವರು ಈ ಊರಿನ ನಮ್ಮ ಜನರ ಚರಿತ್ರೆಯನ್ನೇ ನೋಡಲಿ. ಕೆನರಾ ಕಡೆಯಿಂದ ಬಂದ ಚಿತ್ರಾಪುರ ಸಾರಸ್ವತರು ತಮ್ಮ ಸಮುದಾಯದ ಕೈಸೋತವರಿಗೆ ನೆರವಾಗಲೆಂದು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘ ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. ಕಟ್ಟಿದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಅದಕ್ಕೆ ತಮ್ಮ ಗುರುವಿನ ಹೆಸರಿಟ್ಟರು. ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಮಾಡಿದರು. ಹೆಸರು ಹೇಳಿದರೆ ಮನೆತನ ಗೊತ್ತಾಗುವಷ್ಟು ಪರಿಚಯದ ಜನರ ನಡುವೆ ಹುಟ್ಟಿದ ಸಂಸ್ಥೆಗಳು ಇವು. ಅಲ್ಲಿಯೂ ಅರ್ಜಿ ಇತ್ತು, ಜಾಮೀನು ಇತ್ತು, ಲೆಕ್ಕದ ಪುಸ್ತಕ ಇತ್ತು. ಗುರುತಿನವರೆಂದು ಯಾರೂ ಪುಸ್ತಕ ಮುಚ್ಚಿಡಲಿಲ್ಲ.

ನೀವು ಬರೆಸಿಕೊಳ್ಳಬೇಕಾದದ್ದು ಪ್ರಾಮಿಸರಿ ನೋಟು, ಊರಲ್ಲಿ ಪ್ರೋನೋಟು ಎನ್ನುತ್ತೇವಲ್ಲ ಅದು. ಇಂಥವರಿಂದ ಇಷ್ಟು ಹಣ ಪಡೆದಿದ್ದೇನೆ, ಕೇಳಿದಾಗ ಮರಳಿಸುತ್ತೇನೆ ಎಂದು ಬರೆದು, ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಮಾಡಿದರೆ ಮುಗಿಯಿತು. ಸ್ಟ್ಯಾಂಪ್ ಮರೆಯಬೇಡಿ. ಬೇರೆ ಕೆಲವು ದಾಖಲೆಗಳಿಗೆ ಸ್ಟ್ಯಾಂಪ್ ಕೊರತೆಯಾದರೆ ಆಮೇಲೆ ದಂಡ ಕಟ್ಟಿ ಸರಿಪಡಿಸಬಹುದು, ಪ್ರೋನೋಟಿಗೆ ಆ ಅವಕಾಶವೂ ಇಲ್ಲ, ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಕಂತಿನ ಲೆಕ್ಕ ನೋಟಿನೊಳಗೆ ಬೇಡ, ಅದನ್ನು ವಾಟ್ಸಾಪ್‌ನಲ್ಲಿ ಬರೆದುಕೊಂಡರೆ ಸಾಕು. ಇನ್ನೊಂದು ಸಂಗತಿ: 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲದ ವಸೂಲಿಗೆ ಮೂರು ವರ್ಷ ಮಾತ್ರ ದಾವೆ ಹೂಡಬಹುದು. ಆ ಅವಧಿ ಮುಗಿಯುವ ಮೊದಲು ಅವರು ಸಾಲವನ್ನು ಒಪ್ಪಿಕೊಂಡು ಮತ್ತೆ ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ. ಐದು ಸಾವಿರದ ಕಂತು ಇಟ್ಟುಕೊಂಡರೆ 30 ತಿಂಗಳಲ್ಲಿ ಮುಗಿಯಬೇಕಾದದ್ದು ನಡುವೆ ನಾಲ್ಕಾರು ಕಂತು ತಪ್ಪಿದರೂ ಮೂರು ವರ್ಷ ತಲುಪುತ್ತದೆ, ಆದ್ದರಿಂದ ಎರಡು ವರ್ಷ ದಾಟಿದ ಮೇಲೆ ಒಮ್ಮೆ ಉಳಿಕೆ ಮೊತ್ತ ಬರೆಸಿಕೊಳ್ಳಿ.

ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳಿ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಬೇಡವೇ ಬೇಡ. ಚೆಕ್ ಅಮಾನ್ಯವಾದರೆ ಅದು ಕ್ರಿಮಿನಲ್ ಪ್ರಕರಣ, ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಸ್ನೇಹಿತನನ್ನು ಜೈಲಿಗೆ ಕಳುಹಿಸುವ ಕಾಗದವನ್ನು ಕಪಾಟಿನಲ್ಲಿಟ್ಟುಕೊಂಡು ಅವನ ಮನೆಯಲ್ಲಿ ಊಟಕ್ಕೆ ಕೂರುವುದು ನನ್ನಿಂದಂತೂ ಆಗದು.

ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಅಂಥ ಸಾಲವನ್ನು ನಗದಾಗಿ ತೀರಿಸುವುದಕ್ಕೂ ಇದೆ. ತಪ್ಪಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದೂ ಪಡೆದವರ ಮೇಲೆ, ನಿಮ್ಮ ಮೇಲಲ್ಲ. ಹಾಗೆಯೇ ಬಂಧುವಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗೂ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಪಡೆದವರು ಅದಕ್ಕೆ ತೆರಿಗೆ ಕಟ್ಟಬೇಕು. ಇದು ಉಡುಗೊರೆಯಲ್ಲ, ಸಾಲ ಎಂದು ತೋರಿಸಲು ನಿಮ್ಮ ಸ್ನೇಹಿತರಿಗೇ ಆ ಪ್ರೋನೋಟು ಬೇಕಾಗುತ್ತದೆ. ಸಂಕೋಚ ಬಂದರೆ ಅವರಿಗೆ ಇದನ್ನೇ ಹೇಳಿ, ಇದು ನೆಪವಲ್ಲ, ನಿಜ. ಯುಪಿಐಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುವುದರಿಂದ ನೆಫ್ಟ್ ಮಾಡಿ, ಷರಾ ಇರುವಲ್ಲಿ ‘ಕೈಗಡ’ ಎಂದು ಬರೆಯಿರಿ. ನೇರವಾಗಿ ಮನೆ ಮಾಲೀಕರ ಖಾತೆಗೆ ಹಾಕಬೇಡಿ. ಮನೆಯ ಕರಾರಿನಲ್ಲಿ ಡಿಪಾಸಿಟ್ ಯಾರಿಂದ ಹೇಗೆ ಬಂತೆಂದು ಬರೆಯುತ್ತಾರೆ. ಅಲ್ಲಿ ಸ್ನೇಹಿತರ ಹೆಸರಿದ್ದು ಹಣ ನಿಮ್ಮ ಖಾತೆಯಿಂದ ಹೋಗಿದ್ದರೆ ಮುಂದೆ ಮನೆ ಬಿಡುವಾಗ ಮಾಲೀಕರಿಗೂ ಗೊಂದಲ, ನಿಮಗೂ ಗೊಂದಲ.

ಬಡ್ಡಿ ಬೇಡ. ಬಡ್ಡಿಗೆ ಹಣ ಕೊಡುವ ವ್ಯವಹಾರಕ್ಕೆ ಮಹಾರಾಷ್ಟ್ರದಲ್ಲಿ 2014ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಒಬ್ಬ ಸ್ನೇಹಿತನಿಗೆ ಒಮ್ಮೆ ಕೊಟ್ಟದ್ದು ವ್ಯವಹಾರವಾಗುವುದಿಲ್ಲ ನಿಜ, ಆದರೂ ನಿಶ್ಚಿತ ಠೇವಣಿ ಮುರಿದು ಕೊಡುತ್ತಿದ್ದರೆ ಎಷ್ಟು ಬಡ್ಡಿ ನಷ್ಟವಾಗುತ್ತದೋ ಅಷ್ಟು ನಿಮ್ಮ ಸ್ನೇಹದ ಪಾಲು ಎಂದುಕೊಳ್ಳಿ.

ನಿಮ್ಮ ಹತ್ತಿರ ಅಷ್ಟು ಹಣ ಇಲ್ಲದಿದ್ದರೆ, ಅಥವಾ ತಂಗಿಯ ಮದುವೆಗೋ ಊರಿನ ಮನೆಯ ರಿಪೇರಿಗೋ ಎತ್ತಿಟ್ಟದ್ದಾಗಿದ್ದರೆ, ಇವತ್ತೇ ಇಲ್ಲವೆನ್ನಿ. “ನೋಡೋಣ” ಎನ್ನಬೇಡಿ. ನಮ್ಮವರು ದಾಕ್ಷಿಣ್ಯಕ್ಕೆ ನೋಡೋಣ ಎನ್ನುತ್ತಾರೆ, ಕೇಳಿದವರು ಅದನ್ನು ಹೂಂ ಎಂದೇ ತಿಳಿದು ಮನೆಗೆ ಟೋಕನ್ ಕೊಟ್ಟುಬಿಡುತ್ತಾರೆ. ಹತ್ತು ದಿನ ಬಿಟ್ಟು ಇಲ್ಲವೆಂದರೆ ಆ ಟೋಕನ್ ಹಣವೂ ಹೋಗುತ್ತದೆ, ನೀವು ಕೈಕೊಟ್ಟಿರಿ ಎಂಬ ಮಾತೂ ಉಳಿಯುತ್ತದೆ. ಇವತ್ತೇ ಹೇಳಿದರೆ ಅವರಿಗೆ ಬೇರೆ ದಾರಿ ಹುಡುಕಲು ಸಮಯವಿರುತ್ತದೆ. ಕಚೇರಿಯ ನೌಕರರ ಪತಪೇಢಿಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಸದಸ್ಯರಾಗಿದ್ದರೆ ಅಲ್ಲಿಯ ಸಾಲ ಸಂಬಳದಲ್ಲೇ ಮುರಿದುಹೋಗುತ್ತದೆ. ಐವತ್ತು ಸಾವಿರ ಮಾತ್ರ ಆಗುತ್ತದೆ ಎಂದರೆ ಅಷ್ಟೇ ಹೇಳಿ. ಮೂವರು ಸ್ನೇಹಿತರು ಐವತ್ತೈವತ್ತು ಕೊಟ್ಟರೆ ಯಾರಿಗೂ ನಿದ್ದೆ ಕೆಡುವುದಿಲ್ಲ.

ನಿಮ್ಮ ಮನೆಯವರಿಗೆ ತಿಳಿಸಿಯೇ ಕೊಡಿ. ಮುಚ್ಚಿಟ್ಟು ಕೊಟ್ಟ ಸಾಲದ ಮೊದಲ ಕಂತು ತಪ್ಪಿದರೆ ನೀವು ಇಬ್ಬರಿಗೆ ಉತ್ತರ ಹೇಳಬೇಕಾಗುತ್ತದೆ.

ಕೊಟ್ಟ ಮೇಲೆ ಅವರ ಬದುಕಿನ ಲೆಕ್ಕ ತಪಾಸಣೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೊಸ ದಂಪತಿ ಮಹಾಬಳೇಶ್ವರಕ್ಕೆ ಹೋದ ಫೋಟೊ ಕಂಡರೆ “ನನ್ನ ಹಣ ಕೊಡಲು ಇಲ್ಲ, ತಿರುಗಾಟಕ್ಕೆ ಇದೆ” ಎಂದು ಮನಸ್ಸು ಕುದಿಯುತ್ತದೆ. ಆ ತಿಂಗಳ ಕಂತು ಬಂದಿದ್ದರೆ ಆ ಪ್ರವಾಸ ನಿಮಗೆ ಸಂಬಂಧಿಸಿದ್ದಲ್ಲ. ಕಂತೂ ಬರದೆ ಫೋನೂ ಬರದೆ ಹೋದರೆ ಮಾತ್ರ ನೀವೇ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಎತ್ತದೆ, ಕೆಳಗೆ ಚಹಾ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿ. ಕಂತನ್ನು ಅರ್ಧಕ್ಕೆ ಇಳಿಸುವುದಾದರೆ ಅಲ್ಲಿಯೇ ಇಳಿಸಿ.

ಕೊನೆಯ ಕಂತು ಬಂದ ದಿನ ಪ್ರೋನೋಟಿನ ಮೇಲೆ ‘ಪೂರ್ತಿ ಸಂದಾಯವಾಗಿದೆ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ, ಮೂಲ ಕಾಗದವನ್ನೇ ಅವರ ಕೈಗೆ ಕೊಡಿ. ಫೋಟೊ ಕಳುಹಿಸಿ ಹರಿದು ಹಾಕಿದೆ ಎಂದರೆ ಸಾಲದು. ಕೇಳಿದಾಗ ಕೊಡುತ್ತೇನೆಂದು ಸಹಿ ಮಾಡಿದ ಕಾಗದ ಇನ್ನೊಬ್ಬರ ಮನೆಯಲ್ಲಿ ಇರುವವರೆಗೆ, ಸಾಲ ತೀರಿಸಿದವರಿಗೂ ನಿಶ್ಚಿಂತೆ ಇರುವುದಿಲ್ಲ.