ಹಸೆ ಚಿತ್ತಾರದ ಫೋಟೊಗಳನ್ನು ಅಳಿಸಿಬಿಡಲೇ?

ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಬಗ್ಗೆ ಸಾಗರ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"ಅಜ್ಜಿಯಿಂದ ಹಸೆ ಚಿತ್ತಾರ ಕಲಿತೆ. ಬರೆದದ್ದನ್ನೆಲ್ಲ ಇನ್‌ಸ್ಟಾಗ್ರಾಂಗೆ ಹಾಕುತ್ತಾ ಬಂದಿದ್ದೇನೆ. ಮೊನ್ನೆ ನೆಂಟರ ಮದುವೆ ಕಾಗದ ಬಂತು. ಸುತ್ತ ಅಂಚಿಗೆ ಹಸೆ ಚಿತ್ತಾರ ಅಂತ ಏನೋ ಇತ್ತು. ಎಳೆ ಎಳೆಗೆ ಕೂಡಿಲ್ಲ. ನಡುವೆ ವಾರ್ಲಿಯವರ ಹಾಗೆ ಸುರುಳಿ ಸುತ್ತಿ ಕುಣಿಯುವ ಜನ. ಪ್ರೆಸ್ಸಿನವರನ್ನು ಕೇಳಿದರೆ, 'ಎಐನಲ್ಲಿ ಮಾಡಿದ್ದು, ಎರಡು ನಿಮಿಷದ ಕೆಲಸ' ಅಂದರು. ಇದು ನನ್ನ ಫೋಟೊ ನೋಡಿ ಕಲಿತದ್ದಾ? ಎಲ್ಲವನ್ನೂ ಅಳಿಸಿಬಿಡಲೇ? ಅಜ್ಜಿಯನ್ನು ಕೇಳಿದರೆ, 'ಗೋಡೆ ಮೇಲೆ ಬರೆದದ್ದು ಊರಿಗೆಲ್ಲಾ ಸೇರಿದ್ದು, ನೀನ್ಯಾಕೆ ಬೀಗ ಹಾಕ್ತೀಯ' ಅಂತಾರೆ. ನನ್ನ ಹತ್ತಿರ ಕಲಿಯುವ ಮಕ್ಕಳೂ ಎಐ ಬಳಸುತ್ತಿದ್ದಾರೆ. ಬೇಡ ಅನ್ನಲೇ?"

ಪ್ರೀತಿಯ ಸೋದರಿ,

ಅಳಿಸಬೇಡಿ. ಆದರೆ ಈಗ ಇಟ್ಟಿರುವ ಹಾಗೆ ಸುಮ್ನೆ ಬಿಡಲೂ ಬೇಡಿ.

ಅಳಿಸಿದರೆ ಸಿಗುವುದು ಬಹಳ ಕಡಿಮೆ. ಯಂತ್ರ ಒಮ್ಮೆ ಚಿತ್ರ ನೋಡಿ ಕಲಿತ ಮೇಲೆ, ನೀವು ನಿಮ್ಮ ಪುಟದಿಂದ ಅದನ್ನು ತೆಗೆದರೂ ಕಲಿತದ್ದು ಅಲ್ಲೇ ಉಳಿಯುತ್ತದೆ. ಎಐ ತರಬೇತಿಗೆಂದು 2022ರಲ್ಲಿ ಬಂದ ಲಯಾನ್-5ಬಿ ಎಂಬ ಒಂದೇ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳಿದ್ದವು, ಪ್ರತಿಯೊಂದರ ಜೊತೆಗೆ ಅದರ ವಿವರದ ಸಾಲು. ಯಾರನ್ನೂ ಕೇಳಿ ಸೇರಿಸಿದ್ದಲ್ಲ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯೂ ಸಾರ್ವಜನಿಕವಾಗಿ ಹಾಕಿದ ಫೋಟೊಗಳನ್ನು ತನ್ನ ಎಐ ತರಬೇತಿಗೆ ಬಳಸುವುದಾಗಿ ಹೇಳಿದೆ. ನಿಮ್ಮ ಫೋಟೊ ಎಲ್ಲಿಗೆ ಹೋಯಿತು ಎಂದು ನೀವಾಗಲಿ ನಾನಾಗಲಿ ಹುಡುಕಿ ತೋರಿಸುವುದು ಕಷ್ಟ. ಕೇಳದೇ ತೆಗೆದುಕೊಂಡದ್ದು ತಪ್ಪು ಎಂದೇ ನಾನು ನಂಬಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಆದರೆ ಆ ಮದುವೆ ಕಾಗದವನ್ನು ಇನ್ನೊಂದು ಸಲ ನೋಡಿ. ಅದು ನಿಮ್ಮ ಕಲೆಯನ್ನು ಕದ್ದ ಚಿತ್ರ ಅನ್ನುವುದಕ್ಕಿಂತ ನಿಮ್ಮ ಕಲೆ ಗೊತ್ತಿಲ್ಲದ ಚಿತ್ರ. ಇಂಥ ಯಂತ್ರ ಕಲಿಯುವುದು ಚಿತ್ರ ಮತ್ತು ಅದರ ಕೆಳಗಿನ ಬರಹ ಎರಡನ್ನೂ ಜೋಡಿಸಿಕೊಂಡು. ಮಹಾರಾಷ್ಟ್ರದ ವಾರ್ಲಿಯ ಚಿತ್ರಗಳು, ಹೆಸರಿನ ಸಮೇತ, ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ನಮ್ಮ ಹಸೆ ಚಿತ್ತಾರದ್ದು ಅದರ ಮುಂದೆ ತೀರಾ ಕಡಿಮೆ. ಇದ್ದರೂ ಕೆಳಗೆ 'ಫೋಕ್ ಆರ್ಟ್' ಎಂದಷ್ಟೇ ಬರೆದಿರುತ್ತಾರೆ. ಎರಡರಲ್ಲೂ ಕೆಮ್ಮಣ್ಣಿನ ಬಣ್ಣದ ಗೋಡೆ, ಎರಡರಲ್ಲೂ ಬಿಳಿ ಗೆರೆ. ಯಂತ್ರ ಗೊತ್ತಿಲ್ಲದ ಜಾಗವನ್ನು ಗೊತ್ತಿರುವುದರಿಂದ ತುಂಬಿಸಿತು. ಗೊತ್ತಿರುವವರು ಎಲ್ಲರೂ ಅಳಿಸಿ ಹಿಂದೆ ಸರಿದರೆ ಉಳಿಯುವುದು ಇಂಥ ಚಿತ್ತಾರವೇ. ನಾಳೆ ನಿಮ್ಮದೇ ಊರಿನ ಹುಡುಗಿ ಮೊಬೈಲಿನಲ್ಲಿ ಹುಡುಕಿದಾಗ ಅವಳಿಗೆ ಸಿಗುವುದೂ ಅದೇ.

ನಿಮ್ಮ ಪುಟ ನೋಡಿದೆ. ಚಿತ್ತಾರಗಳು ಚೆನ್ನಾಗಿವೆ. ಕೆಳಗೆ ಎಷ್ಟೋ ಕಡೆ ಒಂದು ಸಾಲೂ ಇಲ್ಲ. ಅಜ್ಜಿಯ ಹೆಸರಿಲ್ಲ, ಊರಿನ ಹೆಸರಿಲ್ಲ. ಅಕ್ಕಿ ಅರೆದು ಬಿಳಿ ಮಾಡಿದ್ದು, ಅಕ್ಕಿ ಸುಟ್ಟು ಕಪ್ಪು ಮಾಡಿದ್ದು, ಗುರಿಗೆ ಕಾಯಿಂದ ಹಳದಿ ತೆಗೆದದ್ದು, ಪುಂಡಿ ನಾರನ್ನು ಕುಂಚ ಮಾಡಿಕೊಂಡದ್ದು, ಯಾವುದೂ ಇಲ್ಲ. ಇದು ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆಯ ಮೇಲೆ ಬರೆಯುವ ಚಿತ್ತಾರ, ದೀವರ ಸಮುದಾಯದ ಹೆಂಗಸರು ಹಾಡು ಹೇಳುತ್ತಾ ಬರೆಯುತ್ತಾರೆ ಎಂಬುದೂ ಇಲ್ಲ. ಇದನ್ನೆಲ್ಲ ಕನ್ನಡದಲ್ಲೇ ಬರೆಯಿರಿ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆದಾಗ, ಆ ಬುಟ್ಟಿಯಲ್ಲಿ ಏನು ಹೊತ್ತು ಗದ್ದೆಗೆ ಹೋಗುತ್ತೀರಿ, ಭೂಮಿಗೆ ಯಾಕೆ ಬಯಕೆ ಬಡಿಸುತ್ತೀರಿ, ಅದನ್ನೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಂದ ಕಲಿತಿರಿ ಎಂದು ಬರೆಯಿರಿ.

ಹೆಸರು ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ, ಇದು ಬರೀ ಗೌರವದ ಮಾತಲ್ಲ. 2025ರಲ್ಲಿ ಅಮೆರಿಕದಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಕಳ್ಳ ಪ್ರತಿಗಳ ತಾಣಗಳಿಂದ ಪುಸ್ತಕ ಇಳಿಸಿಕೊಂಡ ಮೊಕದ್ದಮೆ ಅದು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆದರೆ ಅಲ್ಲಿನ ಕಾಪಿರೈಟ್ ಕಚೇರಿಯಲ್ಲಿ ಸಮಯಕ್ಕೆ ಸರಿಯಾಗಿ ನೋಂದಣಿ ಆದ ಪುಸ್ತಕಗಳಿಗೆ ಮಾತ್ರ. ನಮ್ಮಲ್ಲೂ ಮಾತು ಶುರುವಾಗಿದೆ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಒಂದು ಸಲಹೆ ಮುಂದಿಟ್ಟಿತು. ಎಐ ಕಂಪನಿಗಳು ನ್ಯಾಯವಾಗಿ ಸಿಕ್ಕ ಕೃತಿಗಳನ್ನೆಲ್ಲ ತರಬೇತಿಗೆ ಬಳಸಬಹುದು, ಅದಕ್ಕೆ ರಾಯಲ್ಟಿ ಕಟ್ಟಬೇಕು, ಬೇಡ ಅನ್ನುವ ಹಕ್ಕು ಕೃತಿಕಾರರಿಗೆ ಇರುವುದಿಲ್ಲ. ಬೇಡ ಅನ್ನುವ ಹಕ್ಕನ್ನು ಕಿತ್ತುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಾಗಿದ್ದರೂ ಕೇಳುತ್ತೇನೆ, ನಾಳೆ ಇಂಥ ರಾಯಲ್ಟಿ ನಿಜಕ್ಕೂ ಬಂದರೆ ಅದು ಯಾರ ಕೈ ಸೇರುತ್ತದೆ? ಹೆಸರು, ದಾಖಲೆ ಇರುವವರ ಕೈ. ಗೋಡೆಯ ಮೇಲೆ ಬರೆದು, ಮಳೆಗಾಲ ಕಳೆದ ಮೇಲೆ ಸಾರಿಸಿ ಮತ್ತೆ ಬರೆಯುವ ನಿಮ್ಮ ಅಜ್ಜಿಯಂಥವರ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ಹೆಸರಿಲ್ಲದ ಫೋಟೊ ಯಾರದ್ದೂ ಅಲ್ಲದ ಫೋಟೊ ಆಗಿಬಿಡುತ್ತದೆ.

ಅಜ್ಜಿ ಹೇಳಿದ್ದು ಸರಿಯಾ? ಸರಿಯೇ. ನಿಮ್ಮ ಸಂಕಟವೂ ಸರಿಯೇ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಕುಮಾರವ್ಯಾಸನ ಷಟ್ಪದಿ ಯಾರ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ನಮ್ಮ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರು, 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ವಾಚಿಸಿದ ಬಗೆ ಅವರದ್ದು. ಹಸೆ ಚಿತ್ತಾರದ ಎಳೆ, ಅಂಚು, ಅದರ ಲೆಕ್ಕ, ಇವು ದೀವರ ಹೆಂಗಸರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸೊತ್ತು. ಅದಕ್ಕೆ ನಿಮ್ಮೊಬ್ಬರ ಕಾಪಿರೈಟ್ ಇಲ್ಲ. ಆದರೆ ನೀವು ಕೂತು ಬರೆದ ಆ ಒಂದು ಚಿತ್ತಾರಕ್ಕೆ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದು ಮುಗಿಸಿದ ಕ್ಷಣದಿಂದಲೇ ಇದೆ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಕಾಲ, ಆಮೇಲೆ 60 ವರ್ಷ. ಚಿತ್ತಾರದ ಹಕ್ಕನ್ನು ಮಾರಿದ ಮೇಲೂ 'ಇದು ನಾನು ಬರೆದದ್ದು' ಎನ್ನುವ ಹಕ್ಕು 57ನೇ ಸೆಕ್ಷನ್ ಕೆಳಗೆ ನಿಮ್ಮಲ್ಲೇ ಉಳಿಯುತ್ತದೆ.

ಈ ಸೆಕ್ಷನ್ ಬರೀ ಕಾಗದದ ಮೇಲಿನದ್ದಲ್ಲ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನದ ಗೋಡೆಗೆ ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಅವರನ್ನು ಕೇಳದೇ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ಮರಳಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಶಿಲ್ಪಕ್ಕೆ ಸರ್ಕಾರ ದುಡ್ಡು ಕೊಟ್ಟಿತ್ತು, ಶಿಲ್ಪ ಸರ್ಕಾರದ ಕಟ್ಟಡದಲ್ಲೇ ಇತ್ತು. ಆದರೂ ಮಾಡಿದ ಕೈಗೆ ಒಂದು ಹಕ್ಕು ಉಳಿದಿತ್ತು. ಗೋಡೆಯ ಮೇಲೆ ಬರೆಯುವ ನೀವು ಇದನ್ನು ತಿಳಿದಿರಬೇಕು ಅನ್ನಿಸಿತು.

ತೆರೆದಿಡುವುದು ಅಂದರೆ ಬಿಟ್ಟುಕೊಡುವುದು ಅಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಸೊಪ್ಪಿನಬೆಟ್ಟ ಇದೆಯಲ್ಲ. ತೋಟಕ್ಕೆ ಬೇಕಾದ ಸೊಪ್ಪು, ದರಗು ತಂದುಕೊಳ್ಳಬಹುದು. ಲಾರಿ ನಿಲ್ಲಿಸಿ ತುಂಬಿಕೊಂಡು ಹೋಗಿ ಮಾರುವಂತಿಲ್ಲ. ಬೆಟ್ಟಕ್ಕೆ ಬೀಗ ಇಲ್ಲ, ಕಟ್ಟುಪಾಡು ಇದೆ. 2001ರಲ್ಲಿ ಶುರುವಾದ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ಮಾಡಿದ್ದೂ ಇಂಥ ಕಟ್ಟುಪಾಡುಗಳನ್ನೇ. ಕೃತಿಯ ಜೊತೆಗೆ ಒಂದು ಸಾಲು ಹಾಕಿದರೆ ಸಾಕು. ಬಿವೈ ಅಂದರೆ ಹೆಸರು ಹೇಳಿ ಬಳಸಿ. ಎಸ್ಎ ಸೇರಿದರೆ, ಇದರಿಂದ ನೀವು ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ತೆರೆದಿಡಿ ಎಂದು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಒಂದು ವಿಷಯ ನೆನಪಿಡಿ, ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲಾಗದು. ಇನ್ನೊಂದು ಕಹಿ ಮಾತು. ಈ ಸಾಲು ನೋಡಿ ಎಐ ಕಂಪನಿ ನಿಂತುಬಿಡುತ್ತದೆ ಅಂದುಕೊಳ್ಳಬೇಡಿ. ತರಬೇತಿಗೆ ಅನುಮತಿಯೇ ಬೇಡ ಎಂದು ಒಂದು ದೇಶದ ಕಾನೂನು ಹೇಳಿದರೆ, ಅಲ್ಲಿ ಈ ಷರತ್ತು ನಡೆಯುವುದಿಲ್ಲ. ಪ್ರೆಸ್ಸಿನವರು, ಪ್ರಕಾಶಕರು, ಶಾಲೆಗಳು, ಸೀರೆ ಅಂಗಡಿಯವರು, ಇಂಥ ಮನುಷ್ಯರ ಎದುರು ಮಾತ್ರ ಖಂಡಿತ ನಡೆಯುತ್ತದೆ. ನಿಮ್ಮ ಹೊಟ್ಟೆಪಾಡು ಇರುವುದು ಜಾಸ್ತಿ ಅವರ ಜೊತೆಗೇ ಅಲ್ವಾ?

ಹಾಗಾಗಿ ನಾನಾದರೆ ಹೀಗೆ ವಿಂಗಡಿಸುತ್ತಿದ್ದೆ. ಕಲಿಸುವುದಕ್ಕೆ ಬೇಕಾದದ್ದು, ಅಂದರೆ ಬಣ್ಣ ಮಾಡುವ ಬಗೆ, ನಾರಿನ ಕುಂಚ, ಅಂಚುಗಳ ಹೆಸರು, ಎಳೆ ಕೂಡಿಸುವ ಕ್ರಮ, ಇವನ್ನು ಪೂರ್ತಿ ತೆರೆದಿಡಿ. ಒಳ್ಳೆಯ ಫೋಟೊ ತೆಗೆದು, ವಿವರ ಬರೆದು, ಬಿವೈ-ಎಸ್ಎ ಷರತ್ತಿನಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಕನ್ನಡ ವಿಕಿಪೀಡಿಯಕ್ಕೂ ಆ ಚಿತ್ರಗಳು ಒದಗುತ್ತವೆ. ನೀವೇ ಕಟ್ಟಿದ ಹೊಸ ಚಿತ್ತಾರಗಳು, ಯಾರಿಗೋ ಒಪ್ಪಿಕೊಂಡು ಬರೆದವು, ಇವುಗಳ ಹಕ್ಕು ನಿಮ್ಮಲ್ಲೇ ಇರಲಿ. ಚಿಕ್ಕ ಗಾತ್ರದ ಫೋಟೊ ತೋರಿಸಿ, ದೊಡ್ಡದು ಬೇಕಾದವರು ದುಡ್ಡು ಕೊಟ್ಟು ಪಡೆಯಲಿ. ಹಾಡುಗಳ ವಿಷಯ ಬೇರೆ. ಅಜ್ಜಿಯ ದನಿ ಅಜ್ಜಿಯದ್ದು. ಹಾಡುವವರಿಗೂ ನಮ್ಮ ಕಾಯ್ದೆಯಲ್ಲಿ ತಮ್ಮದೇ ಹಕ್ಕಿದೆ. ಅವರನ್ನು ಕೂರಿಸಿಕೊಂಡು, ಇದು ಎಲ್ಲೆಲ್ಲಿಗೆ ಹೋಗಬಹುದು ಎಂದು ಬಿಡಿಸಿ ಹೇಳಿ ಕೇಳಿ. ಬೇಡ ಅಂದರೆ ಬೇಡ.

ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ ಎಂದೂ ಹೇಳುತ್ತೇನೆ. ಹಾಲಿ ಹರ್ನ್‌ಡನ್ ಎಂಬ ಅಮೆರಿಕದ ಸಂಗೀತಗಾರ್ತಿ 2021ರಲ್ಲಿ ತನ್ನದೇ ದನಿಯಿಂದ ಒಂದು ಎಐ ದನಿ ಮಾಡಿಸಿ, ಬೇರೆಯವರೂ ಅದರಲ್ಲಿ ಹಾಡಲಿ ಎಂದು ತೆರೆದಿಟ್ಟರು. ಆಮೇಲೆ 2024ರಲ್ಲಿ ಅವರೂ ಅವರ ಜೊತೆಗಾರ ಮ್ಯಾಟ್ ಡ್ರೈಹರ್ಸ್ಟ್ ಅವರೂ ಬ್ರಿಟನ್ನಿನ ಊರೂರಿನ ಸಮೂಹ ಗಾಯನ ತಂಡಗಳಿಂದ ಹಾಡಿಸಿ, ಆ ದನಿಗಳಿಂದ ಎಐಗೆ ತರಬೇತಿ ಕೊಟ್ಟರು. ಆ ಧ್ವನಿಮುದ್ರಣಗಳು ಒಬ್ಬರ ಆಸ್ತಿಯಾಗಲಿಲ್ಲ. ಹಾಡಿದ ತಂಡಗಳೂ ಸೇರಿ ನೋಡಿಕೊಳ್ಳುವಂಥ ಟ್ರಸ್ಟಿನ ಏರ್ಪಾಡು ಮಾಡಿದರು. ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳು. ಲೆಕ್ಕದ ಪುಸ್ತಕ, ನಡಾವಳಿ, ಸಹಿ, ಬ್ಯಾಂಕ್ ಖಾತೆ ಎಲ್ಲ ಇದೆ. ಚಿತ್ತಾರ ಬರೆಯುವ ಹೆಂಗಸರು ಅಂಥದ್ದೊಂದು ಸಂಘದಲ್ಲಿ ಕೂತು, ಯಾವ ಚಿತ್ತಾರ ಯಾರಿಗೆ ಯಾವ ಷರತ್ತಿನಲ್ಲಿ ಎಂದು ಒಂದು ನಡಾವಳಿ ಬರೆದರೆ, ನಾಳೆ ಯಾವ ಕಂಪನಿ ಬಂದು ಕೇಳಿದರೂ ಉತ್ತರ ಕೊಡಲು ಒಂದು ಬಾಯಿ ಇರುತ್ತದೆ. ಈಗ ಅದಿಲ್ಲ.

ಚಿತ್ರಕ್ಕೆ ರಕ್ಷಣೆ ಕೊಡುವ ಸಾಫ್ಟ್‌ವೇರ್ ಬಗ್ಗೆಯೂ ಒಂದು ಮಾತು. ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್, 2024ರಲ್ಲಿ ನೈಟ್‌ಶೇಡ್ ಬಿಟ್ಟರು. ಕಣ್ಣಿಗೆ ಸುಲಭವಾಗಿ ಕಾಣದ ಹಾಗೆ ಚಿತ್ರವನ್ನು ಬದಲಿಸಿ, ಯಂತ್ರ ತಪ್ಪು ಕಲಿಯುವಂತೆ ಮಾಡುತ್ತವೆ. ತನ್ನದೇ ಒಂದು ಶೈಲಿ ಕಟ್ಟಿಕೊಂಡು ಅದರಿಂದಲೇ ಬದುಕುವ ಕಲಾವಿದರಿಗೆ ಇದು ಉಪಯೋಗ. ಇದು ಶಾಶ್ವತ ಪರಿಹಾರವಲ್ಲ ಎಂದು ಗ್ಲೇಜ್ ಮಾಡಿದವರೇ ಹೇಳುತ್ತಾರೆ. ನಿಮಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಸೆ ಚಿತ್ತಾರ ಈಗಾಗಲೇ ತಪ್ಪಾಗಿ ಗೊತ್ತಿದೆ. ಅದನ್ನು ಇನ್ನಷ್ಟು ತಪ್ಪು ಮಾಡಿ ನಮಗೇನು ಸಿಕ್ಕೀತು?

ಮಕ್ಕಳ ವಿಷಯಕ್ಕೆ ಬರುತ್ತೇನೆ. ಬೈಯಬೇಡಿ. ಪ್ರದರ್ಶನಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು, ವಿವರಗಳನ್ನು ಅನುವಾದಿಸಲು ಎಐ ಬಳಸಲಿ. ಇಂಗ್ಲಿಷ್ ಬಾರದೆ ಹಿಂದೆ ಉಳಿದ ಎಷ್ಟೋ ಒಳ್ಳೆಯ ಕಲಾವಿದರು ನಮ್ಮಲ್ಲಿದ್ದಾರೆ, ಅವರಿಗೆ ಇದು ನಿಜವಾದ ಸಹಾಯ. ಚಿತ್ರಕ್ಕೂ ಬಳಸಿದರೆ, ಬಳಸಿದ್ದೇನೆ ಎಂದು ಕೆಳಗೆ ಬರೆಯಲಿ. ಆದರೆ ಕೆಮ್ಮಣ್ಣು ಸಾರಿಸಿದ ಗೋಡೆಯ ಮುಂದೆ ಕೂತು ಎಳೆ ಎಣಿಸಿ ಕೂಡಿಸುವುದನ್ನು ಮೊದಲು ಕಲಿಯಲಿ. ಅದು ಬಂದ ಮಗುವಿಗೆ ಆ ಮದುವೆ ಕಾಗದದ ತಪ್ಪು ಒಂದೇ ನೋಟಕ್ಕೆ ಕಾಣುತ್ತದೆ. ನಿಮಗೆ ಕಂಡ ಹಾಗೆಯೇ.

ನಮ್ಮ ಪತ್ರಿಕೆಯ ನಿಲುವನ್ನೂ ಹೇಳಬೇಕು. ಎಐ ಮಾಡಿದ ಚಿತ್ರವನ್ನು ಜನಪದ ಕಲೆ ಎಂದು ನಾವು ಅಚ್ಚು ಹಾಕುವುದಿಲ್ಲ. ಎಐ ಚಿತ್ರ ಎಲ್ಲಾದರೂ ಬಳಸಿದರೆ ಕೆಳಗೇ ತಿಳಿಸುತ್ತೇವೆ. ಕಲಾವಿದರ ಹೆಸರಿಲ್ಲದೆ ಚಿತ್ತಾರದ ಫೋಟೊ ಹಾಕುವುದಿಲ್ಲ, ಸಂಭಾವನೆ ಕೊಡದೆಯೂ ಹಾಕುವುದಿಲ್ಲ.

ಪ್ರೆಸ್ಸಿನವರ ಮೇಲಿನ ಸಿಟ್ಟನ್ನು ಹೀಗೆ ತೀರಿಸಿಕೊಳ್ಳಿ. ಮುಂದಿನ ಮದುವೆ ಸೀಸನ್ ಶುರುವಾಗುವ ಮೊದಲು ಕಾಗದದ ಅಂಚಿಗೆ ಆಗುವಂಥ ನಾಲ್ಕೈದು ಚಿತ್ತಾರ ಬರೆದುಕೊಂಡು ಅವರ ಹತ್ತಿರ ಹೋಗಿ. ಎಐ ಅಂಚು ಮತ್ತು ನಿಮ್ಮ ಅಂಚನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಇಷ್ಟು ಕಾಗದಕ್ಕೆ ಇಷ್ಟು, ಹಿಂಬದಿಯಲ್ಲಿ ನನ್ನ ಹೆಸರು, ಊರು ಎಂದು ಕೇಳಿ. ಅವರಿಗೂ ಒಳ್ಳೆಯ ಚಿತ್ತಾರ ಬರೆಯುವವರು ಗೊತ್ತಿರಲಿಕ್ಕಿಲ್ಲ. ಒಪ್ಪಿದರೆ ಬಾಯಿಮಾತಿನಲ್ಲಿ ಬಿಡಬೇಡಿ, ಒಂದು ಕಾಗದದಲ್ಲಿ ಬರೆಸಿಕೊಳ್ಳಿ.

ಅಜ್ಜಿ ಒಪ್ಪಿದರೆ, ಭೂಮಣ್ಣಿ ಬುಟ್ಟಿ ಬರೆಯುವ ಬಗೆಯನ್ನು ಚಿತ್ರಸಮೇತ ನಮಗೆ ಬರೆದು ಕಳಿಸಿ. ಭೂಮಿ ಹುಣ್ಣಿಮೆಯ ಸಂಚಿಕೆಗೆ ಬೇಕು. ಹೆಸರು ಅಜ್ಜಿಯದ್ದು ಮೊದಲು, ನಿಮ್ಮದು ಆಮೇಲೆ. ಯಾವ ಷರತ್ತಿನಲ್ಲಿ ಅಚ್ಚು ಹಾಕಬೇಕು ಎಂದು ನೀವೇ ತಿಳಿಸಿ.

– ಸಂಪಾದಕ