ಮೈದಾನದ ಮಾತು: ಎರಡೂವರೆ ಸಾವಿರ ವರ್ಷದ ಸ್ಟಾರ್ಟಿಂಗ್ ಲೈನ್

ಪ್ರಶ್ನೆ: ಸರ್, ನಮ್ಮ ಶಾಲೆಯ ಕ್ವಿಜ್‌ನಲ್ಲಿ ಜಗತ್ತಿನ ಅತಿ ಹಳೇ ಕ್ರೀಡಾಂಗಣ ಯಾವುದು ಅಂತ ಕೇಳಿದರು. ನಾನು ರೋಮ್‌ನ ಕೊಲೋಸಿಯಂ ಅಂದೆ. ತಪ್ಪು ಅಂದರು. ಹಾಗಾದರೆ ಯಾವುದು? ಅದು ಈಗಲೂ ಉಳಿದಿದೆಯಾ?
(ಹೈಸ್ಕೂಲ್ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಉಳಿದಿದೆ ಮಗಳೇ, ಗ್ರೀಸ್ ದೇಶದ ಒಲಿಂಪಿಯಾದಲ್ಲಿ. ಕೊಲೋಸಿಯಂ ಶುರುವಾದದ್ದು ಕ್ರಿ.ಶ. 80ರಲ್ಲಿ. ಅಲ್ಲಿ ನಡೆಯುತ್ತಿದ್ದದ್ದು ಮನುಷ್ಯರ, ಪ್ರಾಣಿಗಳ ಕಾದಾಟ. ಒಲಿಂಪಿಯಾ ಅದಕ್ಕಿಂತ ತುಂಬಾ ಹಿಂದಿನದು. ಮೊದಲ ಕ್ರೀಡಾಕೂಟ ಕ್ರಿ.ಪೂ. 776ರಲ್ಲಿ ನಡೆಯಿತು ಅಂತ ಗ್ರೀಕರು ಲೆಕ್ಕ ಇಟ್ಟಿದ್ದರು. ಆಗ ಇದ್ದದ್ದು ಒಂದೇ ಒಂದು ಓಟ. ಗೆದ್ದವನು ಎಲಿಸ್ ಊರಿನ ಕೊರೊಯಿಬೋಸ್, ಅಡುಗೆಯವನು. ಆ ಓಟಕ್ಕೆ ‘ಸ್ಟೇಡಿಯಾನ್’ ಅಂತ ಹೆಸರು. ಸ್ಟೇಡಿಯಂ ಅನ್ನೋ ಮಾತು ಬಂದದ್ದೇ ಅಲ್ಲಿಂದ. ಈಗ ನಮಗೆ ಕಾಣಿಸುವ ಅಂಕಣ ಕ್ರಿ.ಪೂ. 5ನೇ ಶತಮಾನದ್ದು.

ನಾನು 34 ವರ್ಷ ಪಿ.ಇ. ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಮಗಳು ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಕಲ್ಲಿನ ಕಮಾನು ದಾಟಿ ಒಳಗೆ ಹೋದರೆ ಗ್ಯಾಲರಿ ಇಲ್ಲ, ಮೆಟ್ಟಿಲಿಲ್ಲ. ಎರಡೂ ಕಡೆ ಹುಲ್ಲು ಹತ್ತಿದ ಮಣ್ಣಿನ ಇಳಿಜಾರು, ಥೇಟ್ ನಮ್ಮ ಕೆರೆ ಏರಿ. ಸುಮಾರು 45,000 ಜನ ಅಲ್ಲಿ ನೆಲದ ಮೇಲೆ ಕೂತು ಆಟ ನೋಡುತ್ತಿದ್ದರು. ಕಲ್ಲಿನ ಆಸನ ಇದ್ದದ್ದು ತೀರ್ಪುಗಾರರಿಗೆ ಮಾತ್ರ. ಓಟದ ಉದ್ದ 192.27 ಮೀಟರ್. ಗ್ರೀಕ್ ಪುರಾಣದ ವೀರ ಹೆರಾಕ್ಲೀಸ್ ತನ್ನ ಪಾದದಿಂದ 600 ಅಡಿ ಅಳೆದು ಗೆರೆ ಹಾಕಿದ ಅನ್ನೋದು ಅಲ್ಲಿಯವರ ಕಥೆ.

ನಾನು ಜಾಸ್ತಿ ಹೊತ್ತು ಕಳೆದದ್ದು ಸ್ಟಾರ್ಟಿಂಗ್ ಲೈನ್ ಹತ್ತಿರ. ಪ್ರತಿ ವರ್ಷ ಸ್ಪೋರ್ಟ್ಸ್ ಡೇ ಹಿಂದಿನ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆದವನು ನಾನು. ಮಳೆ ಬಂದರೆ ಮತ್ತೆ ಎಳೆಯಬೇಕು. ಅಲ್ಲಿ ನೋಡಿದರೆ ಗೆರೆಯೇ ಕಲ್ಲು. ನೆಲದ ಮಟ್ಟಕ್ಕೆ ಅಡ್ಡಲಾಗಿ ಹೂತ ಕಲ್ಲಿನ ಪಟ್ಟಿ. ಅದರ ಉದ್ದಕ್ಕೂ ಎರಡು ಗೀರು, ನಡುವೆ ಗೇಣಿಗಿಂತ ತುಸು ಕಡಿಮೆ ಅಂತರ. ಒಂದು ಕಾಲಿನ ಬೆರಳು ಮುಂದಿನ ಗೀರಿಗೆ, ಇನ್ನೊಂದರದ್ದು ಹಿಂದಿನ ಗೀರಿಗೆ. ಈಗಿನ ಹಾಗೆ ಕೈ ಊರಿ ಸ್ಟಾರ್ಟ್ ತಗೊಳ್ಳುತ್ತಿರಲಿಲ್ಲ. ನಿಂತೇ, ಮೈ ಮುಂದಕ್ಕೆ ಬಾಗಿಸಿ, ಬರಿಗಾಲಲ್ಲಿ ಓಡುತ್ತಿದ್ದರು. ನಾನು ಶೂ ಬಿಚ್ಚಿ ಬೆರಳಿಟ್ಟು ನೋಡಿದೆ. ಗೀರಿನ ಅಂಚು ಬೆರಳಿಗೆ ಸಿಕ್ಕ ಕೂಡಲೇ ಮೈ ತಾನಾಗಿ ಮುಂದಕ್ಕೆ ವಾಲಿತು. “ಬೆರಳು ಊರು, ಹಿಮ್ಮಡಿ ಎತ್ತು” ಅಂತ ಎಷ್ಟು ಮಕ್ಕಳಿಗೆ ಕೂಗಿ ಹೇಳಿದ್ದೇನೋ! ಆ ಕಲ್ಲು ಮಾತಿಲ್ಲದೆ ಅದನ್ನೇ ಕಲಿಸುತ್ತದೆ. ನನಗೆ ಕಣ್ಣು ತುಂಬಿ ಬಂತು.

ಇಷ್ಟು ವರ್ಷ ಅದು ಉಳಿದದ್ದು ಹೇಗೆ ಗೊತ್ತಾ? ಪಕ್ಕದ ಎರಡು ನದಿಗಳು, ಅಲ್ಫಿಯೋಸ್ ಮತ್ತು ಕ್ಲಾದಿಯೋಸ್, ನೆರೆ ಬಂದಾಗಲೆಲ್ಲ ಹೂಳು ತಂದು ಸುರಿದವು. ಇಡೀ ಜಾಗ ಮಣ್ಣಿನಡಿ ಹೋಯಿತು. ಜರ್ಮನರು 1875ರಲ್ಲಿ ಅಲ್ಲಿ ದೊಡ್ಡ ಉತ್ಖನನ ಶುರು ಮಾಡಿದರು. ಕ್ರೀಡಾಂಗಣ ಪೂರ್ತಿ ಹೊರಬರಲು 20ನೇ ಶತಮಾನದ ಅರ್ಧ ದಾಟಬೇಕಾಯಿತು.

ಇನ್ನೊಂದು ಮಾತು. ಗುಜರಾತಿನ ಧೋಲಾವೀರಾದಲ್ಲಿ, ಹರಪ್ಪ ಕಾಲದ ಊರಿನ ನಡುವೆ, 283 ಮೀಟರ್ ಉದ್ದದ ಬಯಲಿದೆ. ಅಂಚಿಗೆ ಮೆಟ್ಟಿಲಿನಂಥ ಕಟ್ಟೆಗಳೂ ಇವೆ. ಅದನ್ನು ಅಗೆದವರು ಸ್ಟೇಡಿಯಂ ಅಂತಲೇ ಕರೆದರು. ಇದು ಒಲಿಂಪಿಯಾಗಿಂತ ಸಾವಿರ ವರ್ಷಕ್ಕೂ ಜಾಸ್ತಿ ಹಳೆಯದು. ಆದರೆ ಅಲ್ಲಿ ಆಟ ನಡೆದದ್ದಕ್ಕೆ ಬರಹದ ಸಾಕ್ಷಿ ಇಲ್ಲ. ಅದಕ್ಕೇ ನಾನು ಒಲಿಂಪಿಯಾ ಅಂತ ಹೇಳೋದು.

ಪ್ರಶ್ನೆ: ಒಲಿಂಪಿಯಾದಲ್ಲಿ ಹೆಂಗಸರನ್ನು ಒಳಗೇ ಬಿಡುತ್ತಿರಲಿಲ್ಲವಂತೆ, ನಿಜವೇ?
(ಗೃಹಿಣಿ, ಧಾರವಾಡ)

ಉತ್ತರ: ಮದುವೆಯಾದ ಹೆಂಗಸರಿಗೆ ಪ್ರವೇಶ ಇರಲಿಲ್ಲ, ಒಬ್ಬರನ್ನು ಬಿಟ್ಟು. ಅವರು ದಿಮೀಟರ್ ದೇವಿಯ ಪೂಜಾರಿಣಿ. ತೀರ್ಪುಗಾರರ ಎದುರಿನ ಇಳಿಜಾರಿನಲ್ಲಿ ಅವರು ಕೂರುತ್ತಿದ್ದ ಕಲ್ಲಿನ ಬಲಿಪೀಠ ಇವತ್ತಿಗೂ ಇದೆ. ಹುಡುಗಿಯರಿಗೆ ಹೇರಾ ದೇವಿಯ ಹೆಸರಲ್ಲಿ ಬೇರೆಯೇ ಓಟ ಇತ್ತು. ಅದೇ ಅಂಕಣ, ದೂರ ಮಾತ್ರ ಆರರಲ್ಲಿ ಒಂದು ಪಾಲು ಕಡಿಮೆ. ಗೆದ್ದವಳಿಗೆ ಆಲಿವ್ ಎಲೆಯ ಕಿರೀಟ.

2004ರ ಅಥೆನ್ಸ್ ಒಲಿಂಪಿಕ್ಸ್‌ನ ಶಾಟ್‌ಪುಟ್ ಇಲ್ಲಿ ನಡೆಯಿತು. ಹೆಂಗಸರು ಗಂಡಸರು ಒಂದೇ ದಿನ ಇಲ್ಲಿ ಗುಂಡು ಎಸೆದರು, ಜನ ಮತ್ತೆ ಇಳಿಜಾರಿನಲ್ಲಿ ಕೂತರು. ಎಷ್ಟು ಚೆಂದ ಅಲ್ವಾ? ಆದರೆ ಅವತ್ತು ಗೆದ್ದ ಇಬ್ಬರ ಚಿನ್ನವನ್ನೂ ಉದ್ದೀಪನ ಮದ್ದಿನ ಕಾರಣಕ್ಕೆ ರದ್ದು ಮಾಡಿದರು. ಹೆಂಗಸರ ಚಿನ್ನ ಕ್ಯೂಬಾದ ಯುಮಿಲೀದಿ ಕುಂಬಾ ಪಾಲಾಯಿತು. ಅಮೆರಿಕದ ಆ್ಯಡಮ್ ನೆಲ್ಸನ್‌ಗೆ ತನ್ನ ಪದಕ ಸಿಗಲು ಸುಮಾರು ಒಂಬತ್ತು ವರ್ಷ ಬೇಕಾಯಿತು. ಆ ಸಂಭ್ರಮದ ದಿನವನ್ನು ಅವರಿಗೆ ಯಾರು ವಾಪಸ್ ಕೊಡ್ತಾರೆ?

ಆ ಕಮಾನಿನ ದಾರಿಗೆ ಬರುವ ಮುಂಚೆ ಸಾಲಾಗಿ 16 ಕಲ್ಲಿನ ಪೀಠ ಸಿಗುತ್ತವೆ. ಮೋಸ ಮಾಡಿ ಸಿಕ್ಕಿಬಿದ್ದವರಿಂದ ದಂಡ ಕಟ್ಟಿಸಿಕೊಂಡು, ಆ ದುಡ್ಡಲ್ಲಿ ಜಿಯಸ್ ದೇವರ ಕಂಚಿನ ವಿಗ್ರಹ ಮಾಡಿಸಿ ಅವುಗಳ ಮೇಲೆ ನಿಲ್ಲಿಸುತ್ತಿದ್ದರು. ಮೊದಲನೆಯವು ಕ್ರಿ.ಪೂ. 388ರವು. ಯೂಪೊಲೋಸ್ ಅನ್ನೋ ಬಾಕ್ಸರ್ ಎದುರಾಳಿಗಳಿಗೆ ಲಂಚ ಕೊಟ್ಟಿದ್ದ. ಓಡಲು ಹೋಗುವವರೆಲ್ಲ ಅವನ್ನು ನೋಡಿಕೊಂಡೇ ಒಳಗೆ ಹೋಗಬೇಕಿತ್ತು.

ಪ್ರಶ್ನೆ: ಇವತ್ತಿಗೂ ಬಳಕೆಯಲ್ಲಿರೋ ಹಳೇ ಸ್ಟೇಡಿಯಂ ಇದೆಯಾ?
(ಆಟೋ ಚಾಲಕ, ದಾವಣಗೆರೆ)

ಉತ್ತರ: ಅಥೆನ್ಸ್‌ನ ಪಾನಥಿನಾಯ್ಕೊ ಇದೆ. ಕ್ರಿ.ಪೂ. 330ರ ಹೊತ್ತಿಗೆ ಕಟ್ಟಿದ್ದು, ಕ್ರಿ.ಶ. 144ರಲ್ಲಿ ಅಮೃತಶಿಲೆಯಲ್ಲಿ ಮತ್ತೆ ಕಟ್ಟಿದರು. 1896ರ ಮೊದಲ ಆಧುನಿಕ ಒಲಿಂಪಿಕ್ಸ್ ಅಲ್ಲೇ ಆಯಿತು. ಒಲಿಂಪಿಕ್ ಜ್ಯೋತಿಯನ್ನು ಆತಿಥೇಯರ ಕೈಗೆ ಕೊಡೋದೂ ಅಲ್ಲೇ. ಟ್ರ್ಯಾಕ್ ಹೇರ್‌ಪಿನ್ ಆಕಾರದ್ದು, ಹಾಗಾಗಿ 1896ರಲ್ಲಿ ಓಡಿದವರು ತಿರುವಿನಲ್ಲಿ ವೇಗ ಇಳಿಸಲೇಬೇಕಾಗಿತ್ತು. ಬೆಳಿಗ್ಗೆ ಹೊತ್ತು ಜಾಗಿಂಗ್‌ಗೆ ಬಿಡುತ್ತಾರೆ. ನಾನು ಎರಡು ಸುತ್ತು ಹಾಕಿದೆ. ತಿರುವು ಎಷ್ಟು ಇಕ್ಕಟ್ಟು ಅಂತ ಕಾಲಿಗೇ ಗೊತ್ತಾಯಿತು.