ಕೊನೆ ಒಂದೇ, ದಾರಿ ಓದುಗರದ್ದು

ಪ್ರಶ್ನೆ: ಮೊಮ್ಮಗಳು ಫೋನಿನಲ್ಲಿ ಒಂದು ಕಥೆ ತೋರಿಸಿದಳು. ಸ್ವಲ್ಪ ಓದುವಷ್ಟರಲ್ಲಿ ‘ಈಗ ಏನು ಮಾಡ್ತೀರಿ?’ ಎಂದು ಅದು ನನ್ನನ್ನೇ ಕೇಳುತ್ತದೆ. ಮುಂದಿನದನ್ನೆಲ್ಲ ಓದುಗನೇ ಆರಿಸುವುದಾದರೆ ಕಥೆಗಾರನಿಗೆ ಹೇಳಲು ಏನು ಉಳಿಯಿತು? ಇದನ್ನು ಕಥೆ ಅನ್ನಬಹುದಾ?
– ನಿವೃತ್ತ ಕನ್ನಡ ಶಿಕ್ಷಕರು, ಶಿವಮೊಗ್ಗ

ಉತ್ತರ: ಖಂಡಿತ ಅನ್ನಬಹುದು ಮೇಷ್ಟ್ರೇ. ಗೇಮ್‌ಗಳಿಗೆ ಕಥೆ, ಮಾತು ಬರೆಯುವುದೇ ನನ್ನ ಕೆಲಸ. ಆದರೆ ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಲ್ಲ, ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ. ನಾನು ಕುಂದಾಪುರದ ಕಡೆಯವಳು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಅಜ್ಜನ ಪಕ್ಕ ಕೂತು ‘ವಾಲಿ ವಧೆ’ ಕೇಳುತ್ತಾ ಬೆಳೆದೆ. ವಾಲಿ ಸಾಯುತ್ತಾನೆ ಅಂತ ಅಲ್ಲಿದ್ದ ಮಕ್ಕಳಿಗೂ ಗೊತ್ತು. ಭಾಗವತರು ಹಾಡುವ ಪದವೂ ಅದೇ. ಆದರೆ ಪದ ಮುಗಿದ ಮೇಲೆ ಬರುವ ಮಾತನ್ನು ಯಾರೂ ಬರೆದಿಟ್ಟಿರುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಏನೆಂದು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ, ಅದು ಆ ಹೊತ್ತಿಗೆ ಆ ಇಬ್ಬರು ಅರ್ಥಧಾರಿಗಳ ನಡುವೆ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಮ್ಮ ಕಡೆ ಈಗಲೂ ನೆನೆಯುತ್ತಾರೆ. ಕೊನೆ ಗೊತ್ತಿದ್ದೂ ಜನ ಕೂತು ಕೇಳಿದ್ದು ಆ ಮಾತಿಗಾಗಿ, ಅಲ್ವಾ?

ಹೊಸ ಮಾಧ್ಯಮ ಕೇಳುಗರನ್ನು ಸಭೆಯಿಂದ ಎಬ್ಬಿಸಿ ಅರ್ಥಧಾರಿಯ ಜಾಗದಲ್ಲಿ ಕೂರಿಸಿದೆ. ಪ್ರಸಂಗ ಕಟ್ಟುವ ಕೆಲಸ ಇನ್ನೂ ಬರೆಯುವವರದ್ದೇ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಹಳೆಯ ಉದಾಹರಣೆ ಒಂದಿದೆ. 1967ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಅಲ್ಲಿ ಚೆಕೊಸ್ಲೊವಾಕಿಯಾದ ರಾದುಜ್ ಚಿಂಚೆರಾ ‘ಕಿನೊಆಟೊಮ್ಯಾಟ್’ ಎಂಬ ಸಿನಿಮಾ ವ್ಯವಸ್ಥೆ ತಂದರು. ಪ್ರತಿ ಕುರ್ಚಿಗೂ ಎರಡು ಗುಂಡಿ, ಒಂದು ಕೆಂಪು, ಒಂದು ಹಸಿರು. ಮುಖ್ಯ ಘಟ್ಟಗಳಲ್ಲಿ ಚಿತ್ರ ನಿಲ್ಲುತ್ತಿತ್ತು. ವೇದಿಕೆಗೆ ಒಬ್ಬರು ಬಂದು ‘ಮುಂದೆ ಏನಾಗಲಿ?’ ಎಂದು ಕೇಳುತ್ತಿದ್ದರು. ಪ್ರೇಕ್ಷಕರು ಗುಂಡಿ ಒತ್ತಿ ಮತ ಹಾಕುತ್ತಿದ್ದರು. ಯಾವುದಕ್ಕೆ ಮತ ಜಾಸ್ತಿ ಬಿತ್ತೋ ಆ ದಾರಿಯಲ್ಲಿ ಚಿತ್ರ ಮುಂದುವರಿಯುತ್ತಿತ್ತು. ಆದರೆ ಮುಂದಿನ ಆಯ್ಕೆ ಬರುವಷ್ಟರಲ್ಲಿ ಎರಡೂ ದಾರಿ ಒಂದೇ ಕಡೆ ಬಂದು ಸೇರುತ್ತಿದ್ದವು. ಕಥೆಯ ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ ಎನ್ನುವುದನ್ನು ಅವರು ಶುರುವಿನಲ್ಲೇ ತೋರಿಸಿಬಿಟ್ಟಿದ್ದರು! ಯಾರು ಎಷ್ಟು ಗುಂಡಿ ಒತ್ತಿದರೂ ಬೆಂಕಿ ಬೀಳುವುದೇ. ನಾವೆಲ್ಲ ಸೇರಿ ಮತ ಹಾಕಿದ ಮೇಲೂ ಯಾಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ಪ್ರೇಕ್ಷಕರು ಹೊತ್ತುಕೊಂಡು ಹೋಗಬೇಕಿತ್ತು. ಕಥೆಗಾರ ಹೇಳಬೇಕಾದ್ದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಹೇಗೆ?

ಮೊಮ್ಮಗಳ ಜೊತೆ ಕೂತು 2023ರ ‘ವೆಂಬಾ’ ಎಂಬ ಗೇಮ್ ಆಡಿ ನೋಡಿ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬವೊಂದರ ಕಥೆ ಅದು. ನಾಯಕಿಗೆ ಅವಳ ತಾಯಿ ಕೊಟ್ಟ ಅಡುಗೆ ಪುಸ್ತಕ ಹಾಳಾಗಿದೆ, ಅಲ್ಲಲ್ಲಿ ಸಾಲುಗಳು ಕಾಣುವುದಿಲ್ಲ. ಬಿಟ್ಟುಹೋದದ್ದನ್ನು ಊಹಿಸಿ ಅಡುಗೆ ಮಾಡಬೇಕಾದವರು ನೀವು. ಊರು ಬಿಟ್ಟವರ ಸಂಕಟವನ್ನು ಅಲ್ಲಿ ಯಾರೂ ವಿವರಿಸುವುದಿಲ್ಲ, ಇಡ್ಲಿ ಬೇಯಿಸುತ್ತಾ ಅದು ನಮಗೇ ತಿಳಿಯುತ್ತದೆ.

ಪ್ರಶ್ನೆ: ತೋಟ ಮಾರಲು ಊರಿಗೆ ಬಂದ ಮಗಳ ಕಥೆ ಬರೆಯುತ್ತಿದ್ದೇನೆ. ಓದುಗರು ಅವಳ ಪರವಾಗಿ ನಿರ್ಧಾರ ಮಾಡುತ್ತಾ ಹೋಗಬೇಕು. ಪ್ರತಿ ಹಂತಕ್ಕೂ ಎರಡು ಆಯ್ಕೆ ಇಟ್ಟೆ. ಆರನೇ ಹಂತಕ್ಕೇ 64 ದಾರಿಗಳಾಗಿವೆ, ನೋಟ್‌ಬುಕ್ ತುಂಬಿದೆ, ತಲೆ ಕೆಟ್ಟಿದೆ. ಕನ್ನಡದಲ್ಲಿ ಇದನ್ನು ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಹೀಗೇ ಹೋದರೆ ಹತ್ತನೇ ಹಂತಕ್ಕೆ 1,024 ಕೊನೆ ಬರೆಯಬೇಕಾಗುತ್ತದೆ. ಅಷ್ಟನ್ನು ಯಾರೂ ಬರೆಯುವುದಿಲ್ಲ, ಬರೆಯಲೂಬಾರದು. ಒಬ್ಬ ಓದುಗರಿಗೆ ಸಿಗುವುದು ಒಂದೇ ದಾರಿ ತಾನೇ? ಆ ಒಂದು ದಾರಿ ಗಟ್ಟಿಯಾಗಿರಬೇಕು.

ದಾರಿಗಳನ್ನು ಮತ್ತೆ ಸೇರಿಸಿ, ಆದರೆ ನಡೆದದ್ದನ್ನು ಮರೆಯಬೇಡಿ. ನಿಮ್ಮ ಕಥೆಯನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಬಸ್ಸಿಳಿದ ಮಗಳು ತೋಟ ಮಾರುವ ವಿಷಯವನ್ನು ಅಪ್ಪನಿಗೆ ಹೇಳುತ್ತಾಳಾ, ಮುಚ್ಚಿಡುತ್ತಾಳಾ? ಏನೇ ಮಾಡಲಿ, ರಾತ್ರಿ ಊಟದ ದೃಶ್ಯ ಬಂದೇ ಬರಲಿ. ಅದನ್ನು ಒಂದೇ ಸಲ ಬರೆಯಿರಿ. ಅದರೊಳಗೆ ಒಂದು ಸಾಲು ಮಾತ್ರ ಬದಲಾಗಲಿ. ಬೆಳಿಗ್ಗೆ ಮುಚ್ಚಿಟ್ಟಿದ್ದರೆ ಅಪ್ಪ ಮಜ್ಜಿಗೆ ಬಡಿಸುತ್ತಾ ‘ಕೊನೆಕೊಯ್ಲಿಗೆ ಇರ್ತ್ಯಾ ತಂಗಿ?’ ಅನ್ನಲಿ. ಹೇಳಿದ್ದರೆ ಏನೂ ಮಾತಾಡದೆ ಬಡಿಸಲಿ. ಮುಚ್ಚಿಟ್ಟ ಓದುಗರಿಗೆ ಆ ಪ್ರಶ್ನೆ ಚುಚ್ಚುತ್ತದೆ, ಹೇಳಿದವರಿಗೆ ಆ ಮೌನ. ಹಾಗೆ ಚುಚ್ಚುವುದು ಆಯ್ಕೆ ಅವರದ್ದೇ ಆದ್ದರಿಂದ. ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳಬೇಕಾದ್ದು ‘ಹೇಳಿದಳು’ ಅಥವಾ ‘ಹೇಳಲಿಲ್ಲ’ ಎಂಬ ಒಂದೇ ಗುರುತು. ಇಂಥ ನಾಲ್ಕೈದು ಗುರುತುಗಳಿದ್ದರೆ ಇಡೀ ಕಥೆಗೆ ಸಾಕು. 64 ದಾರಿಗಳನ್ನು ಧೈರ್ಯವಾಗಿ ಹೊಡೆದುಹಾಕಿ.

ಇನ್ನೊಂದು ಮಾತು. ‘ಎಡಕ್ಕೆ ಹೋಗುವುದಾ, ಬಲಕ್ಕೆ ಹೋಗುವುದಾ’ ಎನ್ನುವುದು ಆಯ್ಕೆಯೇ ಅಲ್ಲ. ಅಲ್ಲೇನಿದೆ ಅಂತ ಓದುಗರಿಗೆ ಗೊತ್ತಿರುವುದಿಲ್ಲ, ಸುಮ್ನೆ ಒಂದನ್ನು ಒತ್ತುತ್ತಾರೆ. ಎರಡು ಕಡೆಯೂ ಏನೋ ಒಂದನ್ನು ಬಿಟ್ಟುಕೊಡಬೇಕು, ಅದು ಒತ್ತುವ ಮೊದಲೇ ಗೊತ್ತಿರಬೇಕು. ಅಂಥ ಕಡೆ ಬೆರಳು ತಾನಾಗಿ ನಿಲ್ಲುತ್ತದೆ. ಬೆರಳು ನಿಲ್ಲದ ಕಡೆ ಆಯ್ಕೆ ಇಡಬೇಡಿ, ನೀವೇ ಕಥೆ ಹೇಳಿ ಮುಂದೆ ಹೋಗಿ.

ಸಾಫ್ಟ್‌ವೇರ್ ವಿಚಾರಕ್ಕೆ ಬಂದರೆ, ‘ಟ್ವೈನ್’ನಿಂದ ಶುರು ಮಾಡಿ. ಕ್ರಿಸ್ ಕ್ಲಿಮಾಸ್ ಎಂಬುವರು 2009ರಲ್ಲಿ ತಂದದ್ದು, ಉಚಿತ. ಒಂದೊಂದು ದೃಶ್ಯವೂ ಒಂದು ಚೌಕ. ಎರಡೆರಡು ಚೌಕ ಕಂಸಗಳ ನಡುವೆ ವಾಕ್ಯ ಬರೆದರೆ ಅದೇ ಮುಂದಿನ ದೃಶ್ಯಕ್ಕೆ ಕೊಂಡಿಯಾಗುತ್ತದೆ. ಕಥೆ ಬ್ರೌಸರಿನಲ್ಲಿ ತೆರೆಯುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಇದು ಸಣ್ಣ ವಿಷಯವಲ್ಲ. ‘ಯೂನಿಟಿ’ಯಂಥ ದೊಡ್ಡ ಗೇಮ್ ಎಂಜಿನ್‌ನಲ್ಲಿ, ಅಂದರೆ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ, ಎಲ್ಲರೂ ಬಳಸುವ ಅಕ್ಷರದ ಸಲಕರಣೆಗೆ ನಮ್ಮ ಲಿಪಿ ಜೋಡಿಸಲು ಬರುವುದಿಲ್ಲ. ಒತ್ತಕ್ಷರಗಳು ಕಿತ್ತುಬರುತ್ತವೆ, ‘ಸ್ತ್ರೀ’ ಅಂತ ಬರೆದರೆ ಚೂರುಚೂರಾಗಿ ಕಾಣುತ್ತದೆ. ಅದಕ್ಕೆ ಬೇರೆ ಪ್ಲಗಿನ್ ಹುಡುಕಬೇಕು. ಮುಂದೆ ಚಿತ್ರ, ಚಲನೆ ಎಲ್ಲ ಬೇಕೆನಿಸಿದರೆ ‘ಗೊಡಾಟ್’ ಎಂಬ ಎಂಜಿನ್ ನೋಡಿ. 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಿಂದ ಭಾರತೀಯ ಲಿಪಿಗಳ ಜೋಡಣೆ ಒಳಗೇ ಇದೆ. ಕನ್ನಡದಲ್ಲಿ ಇಂಥ ಕಥೆಗಳು ಕಡಿಮೆ ಇರುವುದಕ್ಕೆ ಈ ಅಕ್ಷರದ ತೊಂದರೆಯೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ನಮ್ಮಲ್ಲಿ ಕಥೆಗಳಿಗೇನು ಬರ ಇಲ್ಲವಲ್ಲ.

ಟ್ವೈನ್ ಕಥೆ ಕೊನೆಗೆ ಒಂದೇ ಫೈಲ್ ಆಗಿ ಬರುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲೂ ಇಡಿ, ಗೆಳತಿಯರಿಗೂ ಕಳಿಸಿ. 2018ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ‘ಬ್ಯಾಂಡರ್‌ಸ್ನ್ಯಾಚ್’ ಎಂಬ, ನೋಡುಗರೇ ದಾರಿ ಆರಿಸುವ ಸಿನಿಮಾ ಬಿಟ್ಟಾಗ ಜಗತ್ತೆಲ್ಲ ಅದರ ದಾರಿಗಳನ್ನು ಹುಡುಕಿತು. 2025ರ ಮೇ ತಿಂಗಳಲ್ಲಿ ಕಂಪನಿ ಅದನ್ನು ತೆಗೆದುಹಾಕಿತು. ಬ್ರೌಸರಿನಲ್ಲಿ ಗೇಮ್‌ಗಳನ್ನು ಓಡಿಸುತ್ತಿದ್ದ ‘ಫ್ಲ್ಯಾಶ್’ ಸಾಫ್ಟ್‌ವೇರ್ 2020ರ ಕೊನೆಗೆ ನಿಂತಾಗಲೂ ಅದನ್ನು ನಂಬಿದ್ದ ಅದೆಷ್ಟೋ ಕಥೆಗಳು ತೆರೆಯದಾದವು. ಅಚ್ಚಾದ ಪುಸ್ತಕ ಯಾರದೋ ಕಪಾಟಿನಲ್ಲಿ ಉಳಿಯುತ್ತದೆ. ಈ ಕಥೆಗಳಿಗೆ ಆ ಭಾಗ್ಯ ಇಲ್ಲ, ಬರೆದವರೇ ಕಾಪಾಡಬೇಕು.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಗೇಮ್ ಬಿಟ್ಟರೆ ಬೇರೇನೂ ಬೇಡ, ಕನ್ನಡ ಓದುವುದಂತೂ ಇಲ್ಲವೇ ಇಲ್ಲ. ಏನು ಮಾಡಲಿ?
– ತಾಯಿ, ಮೈಸೂರು

ಉತ್ತರ: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಎಂಬ ಜಾಲತಾಣದಲ್ಲಿ ಮಕ್ಕಳ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಬದಲಿಸಿ ಬರೆಯಲೂಬಹುದು. ಮಗ ಒಂದನ್ನು ಆರಿಸಲಿ. ಒಂದು ಪುಟದಲ್ಲಿ ನಿಲ್ಲಿಸಿ, ‘ಇಲ್ಲಿ ಬೇರೆ ಏನಾಗಬಹುದಿತ್ತು?’ ಎಂದು ಕೇಳಿ. ಅವನು ಹೇಳಿದ್ದನ್ನು ಅವನ ಕೈಯಲ್ಲೇ ಟ್ವೈನ್‌ನಲ್ಲಿ ಬರೆಸಿ. ಕಾಗುಣಿತ ತಪ್ಪಿದರೆ ಆ ದಿನ ತಿದ್ದಬೇಡಿ. ಎರಡೇ ಆಯ್ಕೆಯ ಕಥೆಯಾದರೂ ಸಾಕು. ಆಮೇಲೆ ಆಡುವ ಸರದಿ ನಿಮ್ಮದು, ಅವನು ಪಕ್ಕದಲ್ಲಿ ಕೂತು ನೋಡಲಿ.